ಎಲ್ಸ್ಪಾ ಅಜ್ಜಿ ಎಳೆದು ಹಾಡಿದ ಕೀರ್ತನೆ

ನಮ್ಮ ಎಲ್ಸ್ಪಾ ಅಜ್ಜಿ ಬಲು ಹಟಮಾರಿ ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ತೊಂಬತ್ತು ದಾಟಿ ಬದುಕಿದವಳು, ಗಂಡನನ್ನೂ ಮಗನನ್ನೂ ಕಡಲಿಗೆ ಕೊಟ್ಟವಳು, ಆದರೂ ಒಂದು ಭಾನುವಾರ ಕೂಡ ಚರ್ಚಿನ ತನ್ನ ಬೆಂಚನ್ನು ಖಾಲಿ ಬಿಡದವಳು. ಆ ಹಟದಲ್ಲಿ ಒಂದು ಚೂರು ನನಗೂ ಬಂದಿದ್ದರೆ ಸಾಕಿತ್ತು.

ಆಗ ನಮ್ಮ ಫ್ಯಾರೋ ದ್ವೀಪದ ಹಳ್ಳಿಗಳಲ್ಲಿ ಕೀರ್ತನೆಗೆ ವಾದ್ಯವಿರಲಿಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದೆ ಸೇರುವುದು, ಒಂದೊಂದು ಪದವನ್ನೂ ಅಲೆ ಏರಿಳಿದ ಹಾಗೆ ಎಳೆದು ಹಾಡುವುದು. ಉಣ್ಣೆ ನೂಲುವಾಗಲೂ ಅದೇ, ಹೆಣದ ಮುಂದೆಯೂ ಅದೇ. ಹೊಸ ಪಾದ್ರಿ ಡೆನ್ಮಾರ್ಕಿನಿಂದ ಆರ್ಗನ್ ತರಿಸಿದರು. ನುಡಿಸಲು ಕಲಿತವಳು ಅಜ್ಜಿಯ ಮಗಳು, ನನ್ನ ಸೋದರತ್ತೆ ಮಾರ್ಯುನ್. ಎಲ್ಲರೂ ಆರ್ಗನ್ನಿನ ಚುರುಕಿಗೆ ಹೊಂದಿಕೊಂಡರು. ಅಜ್ಜಿ ಮಾತ್ರ ಹಿಂದೆಯೇ ಉಳಿದಳು.

ಆ ಚಳಿಗಾಲದಲ್ಲಿ ಅಜ್ಜಿಯ ಮಗ, ನನ್ನ ಚಿಕ್ಕಪ್ಪ ಹಾನುಸ್ ಮೀನಿಗೆ ಹೋದವನು ಮುಳುಗಿದ. ಅವನಿಗಾಗಿ ಪ್ರಾರ್ಥನೆ ನಡೆಯುವ ಹಿಂದಿನ ದಿನ ಪಾದ್ರಿ ಮನೆಗೇ ಬಂದರು.

"ಎಲ್ಸ್ಪಾ ಅಮ್ಮ, ನಾಳೆ ಒಂದಿನ ಆರ್ಗನ್ ಜೊತೆ ಹಾಡಿ. ನಿಮ್ಮ ರಾಗ ಮುಗಿಯೋದ್ರೊಳಗೆ ಜನ ನಿದ್ದೆ ಹೋಗ್ತಾರೆ."

ಅಜ್ಜಿ ಒಣಗಿದ ಕುರಿಮಾಂಸ ಕೊಯ್ಯುತ್ತಿದ್ದಳು. ಚಾಕು ನಿಲ್ಲಲಿಲ್ಲ. "ನಿಮ್ಮ ಉಪದೇಶಕ್ಕೂ ನಿದ್ದೆ ಹೋಗ್ತಾರೆ ಅಯ್ನೋರೇ. ನಾನೇನಾದ್ರೂ ಅಂದಿದೀನಾ?"

"ಅಮ್ಮಾ!" ಎಂದಳು ಮಾರ್ಯುನ್ ಅತ್ತೆ.

"ಸುಮ್ನಿರೇ. ಹಾನುಸ್ ತೊಟ್ಟಿಲಲ್ಲಿ ಕೇಳಿದ್ದು ಇದೇ ರಾಗ. ಅವನ ಹೆಣಾನೂ ನನಗೆ ಸಿಗ್ಲಿಲ್ಲ. ಹಾಡಾದ್ರೂ ಅವನದಾಗ್ಲಿ."

"ದೇವರಿಗೆ ಎರಡೂ ಒಂದೇ ಅಲ್ವಾ?" ಎಂದರು ಪಾದ್ರಿ.

"ಒಂದೇ ಆದ್ರೆ ನಂದೇ ಇರ್ಲಿ."

ಮರುದಿನ ಚರ್ಚಿನಲ್ಲಿ ಪಾದ್ರಿ ಜೋರಾಗಿ ನುಡಿಸುವಂತೆ ಅತ್ತೆಗೆ ಸನ್ನೆ ಮಾಡಿದರು. ಅತ್ತೆ ತಲೆ ತಗ್ಗಿಸಿಕೊಂಡು ಜೋರಾಗಿಯೇ ನುಡಿಸಿದಳು. ಅಜ್ಜಿ ದನಿ ಏರಿಸಲಿಲ್ಲ, ಲಯವನ್ನೂ ಚುರುಕು ಮಾಡಲಿಲ್ಲ. ಆರ್ಗನ್ ಮುಗಿದಾಗ ಅವಳು ಎರಡನೇ ಚರಣವನ್ನು ಎತ್ತಿಕೊಂಡಿದ್ದಳಷ್ಟೆ. ಪಾದ್ರಿ ಅವಸರದಲ್ಲಿ ಆಶೀರ್ವಾದ ಹೇಳಿ ಬಾಗಿಲ ಕಡೆ ಹೊರಟರು. ಯಾರೂ ದಾರಿ ಬಿಡಲಿಲ್ಲ. ಮುಳುಗಿದವನಿಗಾಗಿ ಎತ್ತಿದ ಕೀರ್ತನೆ ಮುಗಿಯುವ ತನಕ ನಮ್ಮವರು ಕದಲುವುದಿಲ್ಲ, ಕದಲಿದರೆ ದೋಣಿಗೆ ಕೇಡು. ಇದನ್ನು ಡೆನ್ಮಾರ್ಕಿನ ಆ ಪಾದ್ರಿಗೆ ಯಾರೂ ಹೇಳಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ನಡುದಾರಿಯಲ್ಲೇ ನಿಂತುಬಿಟ್ಟರು.

ಕೊನೆಯ ಚರಣದಲ್ಲಿ ಅಜ್ಜಿಯ ಉಸಿರು ಕಟ್ಟಿತು. ತುಟಿ ಅಲ್ಲಾಡುತ್ತಿತ್ತು, ದನಿ ಬರಲಿಲ್ಲ. ನಾನು ಪಕ್ಕದಲ್ಲಿದ್ದೆ, ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಆರ್ಗನ್ ಬಿಟ್ಟೆದ್ದ ಮಾರ್ಯುನ್ ಅತ್ತೆ ಅಳುತ್ತಲೇ ಬಂದು ಆರ್ಗನ್ನಿನ ಚುರುಕಿನಲ್ಲೇ ಆ ಸಾಲನ್ನು ಎತ್ತಿಕೊಂಡಳು.

"ಓಡಬೇಡವೇ," ಎಂದಳು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮಣ್ಣ ಎಲ್ಲಿಗೂ ಓಡಿಹೋಗಲ್ಲ."

ಆಮೇಲೆ ಇಬ್ಬರೂ ಸೇರಿ ಎಳೆದೆಳೆದು ಮುಗಿಸಿದರು. ಪಾದ್ರಿ ಕೊನೆಯ ಪದದವರೆಗೂ ನಿಂತಿದ್ದರು.

ಅಜ್ಜಿ ಹೊರಗೆ ಬಂದಳು. ಶಾಲು ಬಿಗಿದು ಕಡಲಿನ ಕಡೆ ತಿರುಗಿದಳು.

"ಹಾನುಸ್, ಈಗ ಹೋಗು ಮಗಾ," ಎಂದಳು.