ಎರಡೂ ಕೈಯಲ್ಲಿ ಬಿಸಿ ಲೋಟ

ಭಾನುವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದಾರೆ. ಮಡಿಲಲ್ಲಿ ಸುತ್ತಿಟ್ಟ, ಕರೆಂಟು ಎಳೆಯುವ ಉದ್ದನೆಯ ವೈರು, ಪಕ್ಕದಲ್ಲಿ ಪೊರಕೆ. ಮೇಲಿನ ಕೋಣೆಯ ಬೀಗವನ್ನು ಇಷ್ಟು ವರ್ಷ ತೆಗೆದವರು ಇವರೇ. ಇಂದು ಬೀಗದ ಕೈ ಇವರ ಬಳಿ ಇಲ್ಲ, ಬೇರೆಯವರಿಗೆ ಕೊಟ್ಟಾಗಿದೆ. ಆದರೂ ಅಭ್ಯಾಸಬಲ ಎಬ್ಬಿಸಿ ಕರೆತಂದಿದೆ.

"ಕೊಟ್ಟ ಮೇಲೆ ತೆಪ್ಪಗೆ ಮನೇಲಿರಬೇಕಿತ್ತು ನಾನು," ಎನ್ನುತ್ತಾ ಸರಿದು, ಇವರನ್ನು ಕಾಣಲು ಬಂದ ನನಗೆ ಜಾಗ ಮಾಡಿಕೊಡುತ್ತಾರೆ. ಕಲ್ಲು ತಣ್ಣಗಿದೆಯೆಂದು ತಮ್ಮ ಶಾಲನ್ನು ಮಡಿಸಿ ನಾನು ಕೂರುವಲ್ಲಿ ಹಾಸುತ್ತಾರೆ.

ಎಲ್ಲರೂ ಇವರನ್ನು ಅಕ್ಕ ಎನ್ನುತ್ತಾರೆ, ಇವರಿಗಿಂತ ಹಿರಿಯರೂ ಸಹ. ವಾರವಿಡೀ ವಿದ್ಯುತ್ ಕಚೇರಿಯಲ್ಲಿ ಬಿಲ್ಲಿನ ದೂರು ಕೇಳುವ ಗುಮಾಸ್ತೆ. ತಿಂಗಳ ಮೊದಲ ಭಾನುವಾರ ಮಾತ್ರ ಮುಕ್ತ ತಂತ್ರಾಂಶ ಬಳಸುವವರ ಬಳಗವನ್ನು ಕೂಡಿಸುತ್ತಾರೆ. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಬಳಸಬಹುದಾದ, ಒಳಗೇನಿದೆಯೆಂದು ಬಿಚ್ಚಿ ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶವದು. ಬರೆದವರು ಜಗತ್ತಿನ ಯಾವ ಮೂಲೆಯಲ್ಲೋ ಇರುತ್ತಾರೆ. ಅದು ಈ ಬೀದಿಯವರ ಕೈಗೆ ಮುಟ್ಟಬೇಕಾದರೆ ಯಾರಾದರೂ ಕುರ್ಚಿ ಹಾಕಬೇಕಲ್ಲ, ಆ ಕೆಲಸ ಅಕ್ಕನದು. ಕೋಣೆ ಗುಡಿಸುವುದು, ಫೋನ್ ಮಾಡಿ ನೆನಪಿಸುವುದು, ಹೋದ ಸಲ ಸಂಕೋಚದಿಂದ ಮೂಲೆ ಹಿಡಿದವರು ಈ ಸಲವೂ ಬಂದರೇ ಎಂದು ಕಣ್ಣಾಡಿಸುವುದು.

ಶುರುವಿನಲ್ಲಿ ಯಾರೂ ಬರುತ್ತಿರಲಿಲ್ಲವಂತೆ. ಖಾಲಿ ಕುರ್ಚಿ ಕಂಡು ಇವರಿಗೆ ಬೇಸರವಾಗದಿರಲೆಂದು ಕೆಳಗಿನ ಸೈಕಲ್ ಅಂಗಡಿಯವರು ಕೈಯ ಗ್ರೀಸ್ ಒರೆಸಿಕೊಂಡು ಬಂದು ಕುಳಿತುಕೊಳ್ಳುತ್ತಿದ್ದರಂತೆ. ಕೋಣೆಯೂ ಅವರದೇ; ಬಾಡಿಗೆಯ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ. ಮನೆಯಲ್ಲಿ ಅತ್ತೆಯ ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಊರವರ ಕಂಪ್ಯೂಟರಿಗೆ ಜ್ವರ ಬಂದರೆ ಓಡುತ್ತಾಳೆ, ನನಗೆ ಬಂದರೆ ಭಾನುವಾರ ಕಳೆಯಲಿ ಅನ್ನುತ್ತಾಳೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಾಗೆಂದವರೇ ಭಾನುವಾರದ ಫ್ಲಾಸ್ಕಿಗೆ ಚಹಾ ಸೋಸಿ ತುಂಬಿಸಿ ಮಗನ, ಎಂದರೆ ಅಕ್ಕನ ಗಂಡನ ಕೈಯಲ್ಲಿ ಕಳಿಸುತ್ತಿದ್ದರು.

ಆ ಚಹಾದಿಂದಲೇ ಈ ಬಳಗದ ಕಟ್ಟಳೆ ಹುಟ್ಟಿದ್ದು. ಬಲ್ಲವರು ಬರತೊಡಗಿದ ಮೇಲೆ ಹೊಸದೊಂದು ತೊಡಕು ಕಾಣಿಸಿಕೊಂಡಿತು. ಯಾರಾದರೂ ತಡವರಿಸಿದರೆ ಸಾಕು, ಪಾಪ ಎಂದು ಆ ಬಲ್ಲವರೇ ಕೀಲಿಮಣೆ ಎಳೆದುಕೊಂಡು ಚಿಟಿಕೆ ಹೊಡೆಯುವುದರೊಳಗೆ ಸರಿಮಾಡಿ ಕೊಡುತ್ತಿದ್ದರು. ಬಂದವರು ಕೈಮುಗಿದು ಹೋಗುತ್ತಿದ್ದರು, ಮುಂದಿನ ತಿಂಗಳು ಅದೇ ತೊಂದರೆ ಹೊತ್ತು ಬರುತ್ತಿದ್ದರು. ಹಾಗೆ ಬಂದವರಲ್ಲಿ ಬೀದಿ ಕೊನೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನೂ ಒಬ್ಬರು. ಮೂರನೇ ಸಲ ಅವರು ಒಂದು ಮಾತು ಕೇಳಿದರಂತೆ: ಸೂಜಿಗೆ ದಾರ ನೀವೇ ಪೋಣಿಸಿಕೊಡ್ತಾ ಹೋದ್ರೆ ನಾನು ಹೊಲಿಗೆ ಕಲಿಯೋದು ಯಾವಾಗ?

ಅಂದಿನಿಂದ ಇಲ್ಲಿ ಕಲಿಸುವವರು ಎರಡೂ ಕೈಯಲ್ಲಿ ಬಿಸಿ ಚಹಾದ ಲೋಟ ಹಿಡಿದಿರಬೇಕು. ಬಾಯಿ ಮಾತ್ರ ಆಡಬೇಕು. ಕೈ ಕಲಿಯುವವರದು.

ಈಗ ಅಕ್ಕನಿಗೆ ದೂರದ ಊರಿಗೆ ವರ್ಗವಾಗಿದೆ. ಮುಂದಿನ ವಾರ ಮನೆಮಂದಿಯೆಲ್ಲ ಹೊರಡುತ್ತಾರೆ. ಅಕ್ಕಪಕ್ಕದ ಎರಡು ಊರುಗಳಲ್ಲೂ ಇಂಥ ಬಳಗಗಳಿದ್ದವು. ನಡೆಸುತ್ತಿದ್ದವರು ಊರು ಬಿಟ್ಟರು, ಬಳಗವೂ ಕರಗಿತು. ಇಲ್ಲೂ ಹಾಗೇ ಆದೀತೇ ಎಂಬುದೇ ಇವರ ಎದೆಯ ಭಾರ. ಅದಕ್ಕೇ ಊರಲ್ಲಿರುವಾಗಲೇ ಬೀಗದ ಕೈಯನ್ನೂ ಫ್ಲಾಸ್ಕನ್ನೂ ಟೈಲರಮ್ಮನಿಗೆ ಕೊಟ್ಟಿದ್ದಾರೆ.

"ನಾನಿಲ್ದೆ ನಡೆದ್ರೆ ಇದು ಬಳಗ," ಎನ್ನುತ್ತಾರೆ. "ಇಲ್ಲಾಂದ್ರೆ ಇಷ್ಟು ದಿನ ನನಗೆ ಹಿಡಿದಿದ್ದ ಹುಚ್ಚು, ಅಷ್ಟೇ."

ಬೀದಿ ತಿರುವಿನತ್ತ ನೋಡುತ್ತಾರೆ. ಯಾರೂ ಇಲ್ಲ. ಸೈಕಲ್ ಅಂಗಡಿಯ ಶಟರ್ ಮೇಲೇಳುತ್ತದೆ. ಮತ್ತೆ ನೋಡುತ್ತಾರೆ. ಕೊನೆಗೆ ಟೈಲರಮ್ಮ ಬರುತ್ತಾರೆ, ಕುತ್ತಿಗೆಯಲ್ಲಿ ಅಳತೆಪಟ್ಟಿ, ಕಂಕುಳಲ್ಲಿ ಫ್ಲಾಸ್ಕು.

"ಮೇಷ್ಟ್ರು ಬಾಗಿಲಲ್ಲಿ ಕೂತಿದ್ರೆ ಮಕ್ಕಳು ಒಳಗೆ ಬರ್ತಾರಾ ಅಕ್ಕ?" ಎಂದು ಪೊರಕೆ ಕಿತ್ತುಕೊಳ್ಳುತ್ತಾರೆ.

ಕೋಣೆ ತುಂಬುತ್ತದೆ. ಔಷಧಿ ಅಂಗಡಿಯವರು, ನಿವೃತ್ತ ದಾದಿ, ಇಬ್ಬರು ಎಂಜಿನಿಯರುಗಳು. ಕೈಯಲ್ಲಿ ಫ್ಲಾಸ್ಕಿಲ್ಲದೆ ಬಂದ ಅಕ್ಕನ ಗಂಡ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಿಟಕಿ ಒರೆಸುತ್ತಾರೆ. ಹೊಸಬರು ಒಬ್ಬರೇ, ಆಂಬುಲೆನ್ಸ್ ಓಡಿಸುವವರು. ಮಗಳ ಓದಿಗೆಂದು ತಂದ ಹಳೆಯ ಲ್ಯಾಪ್‌ಟಾಪಿಗೆ ಮುಕ್ತ ತಂತ್ರಾಂಶದ ಹೊಸ ವ್ಯವಸ್ಥೆ ಹಾಕಬೇಕು. ಪರದೆ ಏನೋ ಕೇಳುತ್ತಿದೆ. ಅವರ ಬೆರಳು ಗಾಳಿಯಲ್ಲೇ ನಿಂತಿದೆ. ಒತ್ತಲೋ ಬೇಡವೋ ಎಂದು ಸುತ್ತಲಿನವರ ಮುಖ ನೋಡುತ್ತಾರೆ.

ಹಿಂದೆ ನಿಂತಿದ್ದ ಅಕ್ಕನಿಗೆ ತಡೆಯಲಾಗುವುದಿಲ್ಲ. ತಾವೇ ಕಟ್ಟಳೆ ಮಾಡಿದವರು, ಭುಜದ ಮೇಲಿಂದ ಬಗ್ಗಿ ಕೈ ಚಾಚುತ್ತಾರೆ. ಕೀಲಿಮಣೆ ಇನ್ನೊಂದು ಗೇಣಿದೆ ಎನ್ನುವಾಗ ಆ ಕೈಗೆ ಬಿಸಿ ಲೋಟವೊಂದು ಬಂದು ಕೂರುತ್ತದೆ.

"ಇದನ್ನ ಹಿಡ್ಕೊಳ್ಳಿ ಅಕ್ಕ," ಎನ್ನುತ್ತಾರೆ ಟೈಲರಮ್ಮ. "ಎರಡೂ ಕೈಯಲ್ಲಿ."

ಮೊದಲು ನಕ್ಕವರು ಅಕ್ಕನ ಗಂಡ. ಟೈಲರಮ್ಮ ತಮ್ಮ ಲೋಟ ಹಿಡಿದು ಹೊಸಬರ ಪಕ್ಕ ಕುಳಿತು, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಲು ಹೇಳುತ್ತಾರೆ. ಅವರು ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. ತಾವೇ ಒತ್ತುತ್ತಾರೆ.

ಅಕ್ಕ ಗೋಡೆಗೊರಗಿ ನೋಡುತ್ತಿದ್ದಾರೆ. ಸುಟ್ಟೀತೆಂದು ಲೋಟಕ್ಕೆ ಕರವಸ್ತ್ರ ಕೊಡಹೋಗುತ್ತೇನೆ, ಬೇಡವೆಂದು ತಲೆಯಾಡಿಸುತ್ತಾರೆ.

"ಇರಲಿ," ಎನ್ನುತ್ತಾರೆ. "ಬೀಗದ ಕೈ ಸರಿಯಾದವ್ರ ಹತ್ರಾನೇ ಇದೆ."