ಶನಿವಾರದ ಪಟ್ಟಣ

ಉಪ್ಪು ಹಾಕದ ಗೋಧಿ ರೊಟ್ಟಿಯನ್ನು ಒಣ ಹೆಂಚಿನ ಮೇಲೆ ಸುಡುವಾಗ ಒಂದು ವಾಸನೆ ಬರುತ್ತದೆ. ನಾಗಮಂಗಲದ ನಮ್ಮ ಬೀದಿಯಲ್ಲಿ, ಹಿತ್ತಾಳೆ ಕರಗಿಸುವ ಹೊಗೆಯ ನಡುವೆ, ಎಲ್ಲಿಂದಲೋ ಆ ವಾಸನೆ ತೇಲಿ ಬಂದರೆ ನನ್ನ ಕೈಕೆಲಸ ಅಲ್ಲೇ ನಿಲ್ಲುತ್ತದೆ. 'ಯಾಕತ್ತೆ, ಯಾರಾರ ಕರುದ್ರಾ?' ಅನ್ನುತ್ತಾಳೆ ಸೊಸೆ. ಕರೆದವರು ಇದ್ದಾರೆ, ಅವಳಿಗೆ ಹೇಗೆ ತೋರಿಸಲಿ? ಶ್ರೀರಂಗಪಟ್ಟಣದ ಕೋಟೆಯೊಳಗೆ, ಬಡಗಿಗಳ ಓಣಿಯಲ್ಲಿ, ನಮ್ಮ ಎದುರುಮನೆಯಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಆ ವಾಸನೆ ಹೊರಡುತ್ತಿತ್ತು. ಅದು ಯೆಹೂದಿಗಳ ಗುರುವಿನ ಮನೆ. ಅವರ ಜನ ಅವರನ್ನು ರಬ್ಬಿ ಅನ್ನುತ್ತಿದ್ದರು. ಓಣಿಗೆಲ್ಲ ಅವರು ಕೊಚ್ಚಿ ತಾತ.

ಮೆಣಸಿನ ವ್ಯಾಪಾರಿಗಳ ಹಿಂದೆ ಪ್ರಾಯದಲ್ಲೇ ಕೊಚ್ಚಿಯಿಂದ ಬಂದವರಂತೆ. ಪಟ್ಟಣದಲ್ಲಿ ಅವರ ಮತದವರದು ಬೆರಳೆಣಿಕೆಯ ಮನೆಗಳು: ತಕ್ಕಡಿ ಹಿಡಿಯುವವರು, ಗಾಣದವರು, ಯುದ್ಧದಲ್ಲಿ ಸೆರೆ ಸಿಕ್ಕಿ ಇಲ್ಲೇ ಉಳಿದ ಕೊಂಕಣದ ಸಿಪಾಯಿಗಳು. ಮದುವೆ ಮಾಡಿಸಲು, ಮಕ್ಕಳಿಗೆ ಅಕ್ಷರ ಕಲಿಸಲು, ಸತ್ತವರಿಗೆ ಸ್ನಾನ ಮಾಡಿಸಿ ಮಂತ್ರ ಹೇಳಲು ಯಾರೂ ಇರಲಿಲ್ಲ. ನಾಲ್ಕು ದಿನ ಇದ್ದು ಹೋಗುತ್ತೇನೆಂದ ತಾತ ಮುದುಕರಾಗುವವರೆಗೆ ಉಳಿದರು. ಅವರ ಮನೆಯಲ್ಲೇ ಇದ್ದ ಪ್ರಾರ್ಥನೆಯ ಪಡಸಾಲೆಯಲ್ಲಿ ಗ್ರಂಥದ ಸುರುಳಿ ಇಡುವ ಬೀಟೆಯ ಬೀರುವನ್ನು ಮಾಡಿದ್ದು ನಮ್ಮಪ್ಪ. ಒಂದು ತಿಂಗಳ ಕೆಲಸ ವರ್ಷ ಹಿಡಿಯಿತು. ತಾತ ದಿನಾ ಬಂದು ಉಳಿಯ ಪಕ್ಕದಲ್ಲೇ ಕೂತು ಮಾತಿಗೆಳೆದರೆ ಕೆಲಸ ಹೇಗೆ ಸಾಗೀತು? 'ಈ ಮನ್ಸ ಬಾಯಿ ಮುಚ್ಚುದ್ರೆ ನಾನು ಬಾಗ್ಲು ಮುಚ್ತೀನಿ' ಎಂದು ಅಪ್ಪ ಗೊಣಗುತ್ತಿದ್ದ. ತಾತ ಒಂದು ದಿನ ಬಾರದಿದ್ದರೆ ಉಳಿ ಕೆಳಗಿಟ್ಟು ತಾನೇ ಹುಡುಕಿಕೊಂಡು ಹೋಗುತ್ತಿದ್ದವನೂ ಅವನೇ.

ಅವರದೊಂದು ಕಟ್ಟಳೆ ನಮಗೆಲ್ಲ ಬಲು ಸೋಜಿಗ. ಶನಿವಾರ ಅವರು ಮನೆಯಿಂದ ಬೀದಿಗೆ ಏನನ್ನೂ ಹೊರುವಂತಿಲ್ಲ. ಗಂಜಿಯ ಚೊಂಬೂ ಇಲ್ಲ, ಕಂಕುಳ ಕೂಸೂ ಇಲ್ಲ. ಆದರೆ ಊರಿಗೆ ಸುತ್ತಲೂ ಗೋಡೆಯಿದ್ದು, ಅವರ ಮನೆಗಳೆಲ್ಲ ಕೂಡಿ ಶುಕ್ರವಾರ ಸುಟ್ಟ ಒಂದು ರೊಟ್ಟಿಯನ್ನು ಎಲ್ಲರದೆಂದು ಇಟ್ಟುಕೊಂಡು, ಊರಿನ ಒಡೆಯ ಒಪ್ಪಿದರೆ ಆ ಇಡೀ ಊರು ಒಂದೇ ಮನೆಯ ಲೆಕ್ಕ. ಆಮೇಲೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೊರಬಹುದು. ಎಳೆಗೂಸಿನ ತಾಯಂದಿರು ಪ್ರಾರ್ಥನೆಗೆ ಬರಲಿ, ಹಾಸಿಗೆ ಹಿಡಿದವರಿಗೆ ಗಂಜಿ ಮುಟ್ಟಲಿ ಎಂದು ತಾತ ವರ್ಷಕ್ಕೊಮ್ಮೆ ಬಿಳಿ ನಿಲುವಂಗಿ ತೊಟ್ಟು, ಎಲೆ ಅಡಿಕೆ, ಒಂದು ಚಿಪ್ಪು ರಸಬಾಳೆ ಹಿಡಿದು ಕೋಟೆಯ ಅಧಿಕಾರಿ ಕಿಲ್ಲೇದಾರರ ಚಾವಡಿಗೆ ಹೋಗುತ್ತಿದ್ದರು. ಊರನ್ನು ವಾರಕ್ಕೊಂದು ದಿನ ಗುತ್ತಿಗೆಗೆ ಕೇಳಲು! ಮೊದಲ ವರ್ಷ ಕಿಲ್ಲೇದಾರರು ಹೊಟ್ಟೆ ಹಿಡಿದು ನಕ್ಕರಂತೆ. ಆಮೇಲೆ ಹಣ್ಣು ಸುಲಿಯುತ್ತಾ, 'ತಗೊಳ್ಳಿ ಹಜರತ್, ಸನಿವಾರ ಪಟ್ಣ ನಿಮ್ದು. ಸುಲ್ತಾನರ ಕಿವೀಗೆ ಮಾತ್ರ ಹಾಕ್ಬೇಡಿ' ಅಂದರಂತೆ. ಓಣಿಯ ಮಕ್ಕಳಿಗೆ ಇಷ್ಟು ಸಾಕಿತ್ತು. ವಾರದಲ್ಲಿ ಆರು ದಿನ ಊರು ಸುಲ್ತಾನರದು, ಒಂದು ದಿನ ನಮ್ಮ ತಾತನದು ಎಂದು ಬೇರೆ ಬೀದಿಯವರ ಮುಂದೆ ಜಂಬ ಕೊಚ್ಚುತ್ತಿದ್ದೆವು. ಕರಿಘಟ್ಟದ ಕಡೆಯಿಂದ ಗಾಳಿ ಬೀಸುವ ಶನಿವಾರ ಸಂಜೆ ತಾತ ಕೈ ಹಿಂದಕ್ಕೆ ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಿದ್ದರು. ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾರು ಕೆಮ್ಮುತ್ತಿದ್ದಾರೆ, ಎಲ್ಲವೂ ಅವರಿಗೆ ಬೇಕು. ಮತ ಕೇಳುತ್ತಿರಲಿಲ್ಲ.

ಪರಂಗಿಯವರ ದಂಡಿಗೆ ಕೋಟೆ ಬಿದ್ದದ್ದೂ ಶನಿವಾರವೇ. ಅವರ ಗುಂಡಿಗೆ ಒಡೆದ ಕೋಟೆಗೋಡೆಯ ಹತ್ತಿರ ಫಿರಂಗಿ ಗಾಡಿಗಳ ಚಕ್ರ ರಿಪೇರಿಗೆ ಹೋಗಿದ್ದ ಅಪ್ಪ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಆಮೇಲೆ ಗದ್ದಲ, ಹೊಗೆ, ಲೂಟಿ. ಎದುರುಮನೆಯ ಬಾಗಿಲು ಮುರಿದು ಅಪ್ಪನ ಬೀರುವಿಗೂ ಬೆಂಕಿ ಇಟ್ಟರು. ಸುರುಳಿಯೂ ಅದರೊಳಗೇ ಹೋಯಿತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ತಾತನ ಮಗ ಗಾಡಿ ಹೂಡಿಸಿ ತಂದ. ಅವರ ಮತದವರೆಲ್ಲ ಒಟ್ಟಿಗೆ ಕೊಚ್ಚಿಯ ದಾರಿ ಹಿಡಿದಿದ್ದರು. ತಾತ ನೊಗ ಹಿಡಿದು ಹತ್ತಲು ಕಾಲೆತ್ತಿದ್ದರು. ಅಷ್ಟರಲ್ಲಿ ಅವ್ವ ನನ್ನ ಕೈ ಬಿಟ್ಟು ಓಡಿ ಹೋಗಿ ಅವರ ಮುಂದೆ ನಿಂತಳು. 'ತಾತ, ನಮ್ಮನೆಯೋರು ಗ್ವಾಡೆ ತಾವ್ಲೇ ಅವ್ರೆ. ಎಣಾನಾರ ತಂದ್ಕೊಡಿ. ಎಣ್ಣೆಂಗ್ಸು, ಆ ಸಿಪಾಯ್ಗಳ ಮದ್ಯೆ ನಾನೆಂಗೋಗ್ಲಿ?'

ತಾತ ಎತ್ತಿದ ಕಾಲನ್ನು ಕೆಳಗಿಟ್ಟರು. ಮಗ ಸಿಟ್ಟಿನಿಂದ ಅತ್ತೇಬಿಟ್ಟ. ನಮ್ಮವರು ಒಬ್ಬರೂ ಇರೋದಿಲ್ಲ, ನಾಳೆ ನೀವು ಸತ್ತರೆ ನಿಮ್ಮ ಮೇಲೆ ಮಂತ್ರ ಹೇಳುವವರು ಯಾರು ಎಂದು ಕೂಗಿದ. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ಜೀವಮಾನವೆಲ್ಲ ಕಂಡವರ ಹೆಣಗಳಿಗೆ ಮಂತ್ರ ಹೇಳಿದವರಿಗೆ ಅದು ಗೊತ್ತಿರಲಿಲ್ಲವೇ? ತಾತ ಮಗನ ತಲೆ ಸವರಿದರು. 'ನೀನು ಎಂಡ್ರು ಮಕ್ಳ ಕರ್ಕೊಂಡು ಓಗಪ್ಪ. ನಿನ್ನೆ ಸನಿವಾರ. ಪಟ್ಣ ನನ್ದಾಗಿತ್ತು. ನನ್ನ ಮನೆವೊಳ್ಗೆ ಬಿದ್ದೋರ ಬುಟ್ಟು ನಾನೆಂಗ್ಲಾ ಗಾಡಿ ಅತ್ಲಿ?' ಅಷ್ಟೇ ಅಂದು ಅವ್ವನ ಕಡೆ ತಿರುಗಿ, ಒಂದು ಪಂಚೆ ಕೊಡು ಅಂದರು.

ಬಿಸಿಲೇರುವ ಹೊತ್ತಿಗೆ ಅಪ್ಪ ಮನೆಗೆ ಬಂದ. ಒಂದು ಕಡೆ ತಾತ, ಇನ್ನೊಂದು ಕಡೆ ಸುಲ್ತಾನರ ಫಿರಂಗಿ ಹಾರಿಸುತ್ತಿದ್ದ, ಓಣಿಯ ಕೊನೆಮನೆಯ ಗೋಲಂದಾಜ ಸಾಬರು, ನಡುವೆ ಮುರಿದ ಬಾಗಿಲ ಹಲಗೆಯ ಮೇಲೆ ಪಂಚೆ ಹೊದ್ದ ಅಪ್ಪ. ಮುಖ ತೊಳೆದೇ ತಂದಿದ್ದರು, ನಾವು ಹೆದರಬಾರದೆಂದು. ಮತ್ತೆ ಅದೇ ಹಲಗೆ ಹೊತ್ತು ಇಬ್ಬರೂ ಉಳಿದ ಹೆಣಗಳಿಗಾಗಿ ಗೋಡೆಯ ಕಡೆ ಹಿಂದಿರುಗಿದರು. ಆ ವಾರವೆಲ್ಲ ಅದೇ ಕೆಲಸ. ಆಮೇಲೆ ಊರಿಗೆ ಜ್ವರ ಬಂತು, ಆಮೇಲೆ ಅನಾಥ ಕೂಸುಗಳ ಚಿಂತೆ. ಮಗ ಹೇಳಿಕಳಿಸಿದಾಗಲೆಲ್ಲ ಇಲ್ಲಿ ಯಾರೋ ಒಬ್ಬರು ಕಾಯಿಲೆ ಬಿದ್ದು ಮಲಗಿರುತ್ತಿದ್ದರು, ತಾತ ಹೊರಡುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೇ ವಾಸ, ಒಬ್ಬರೇ ಕೂತು ಪ್ರಾರ್ಥನೆ. ನಾನು ಮೈನೆರೆದ ವರ್ಷ, ಒಂದು ಬೆಳಗ್ಗೆ, ಗೋಡೆಗೊರಗಿ ಕೂತಲ್ಲೇ ಹೋಗಿಬಿಟ್ಟರು.

ಮಗ ಹೆದರಿದಂತೆಯೇ ಆಯಿತು. ಕಾವೇರಿ ದಂಡೆಯಲ್ಲಿ ಗುಣಿ ತೋಡಿ, ಬಿಳಿ ಬಟ್ಟೆ ಸುತ್ತಿ ಇಳಿಸಿ, ಎಲ್ಲರೂ ಸುತ್ತ ನಿಂತರು. ಬಡಗಿಗಳಿದ್ದರು, ಅಕ್ಕಸಾಲಿಗರಿದ್ದರು, ಬೆಳಗೊಳದಿಂದ ಬಂದ ಒಕ್ಕಲಿಗರಿದ್ದರು, ಗೋಲಂದಾಜ ಸಾಬರಿದ್ದರು. ತಾತನ ಮಂತ್ರದ ಒಂದಕ್ಷರ ಯಾರಿಗೂ ಗೊತ್ತಿಲ್ಲ. ತಮ್ಮ ತಮ್ಮ ಮಂತ್ರ ಹೇಳಿದರೆ ತಪ್ಪಾದೀತೇನೋ ಎಂದು ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವ ವಾಡಿಕೆ ಇಲ್ಲ. ಅವ್ವ ಯಾರ ಮಾತೂ ಕೇಳದೆ ಬಂದಿದ್ದಳು. ಗುಣಿಯ ಅಂಚಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಾ ಜಗಲಿಗೆ ಗಂಜಿ ತಂದಿಟ್ಟು ಮಾತಾಡುತ್ತಿದ್ದ ದನಿಯಲ್ಲೇ ಹೇಳಿದಳು: 'ತಾತ, ನಿಮ್ಮ ಮಾತು ನಮಗ್ ಬರಾಕಿಲ್ಲ. ನನ್ನ ಗಂಡನ್ನ ಮನೇಗ್ ತಂದೋರು ನೀವು. ಓಗ್ಬನ್ನಿ.'

ಅವ್ವ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಪಟ್ಟಣದ ಜನ ಒಬ್ಬೊಬ್ಬರಾಗಿ ಬಂದು, ಓಗ್ಬನ್ನಿ ತಾತ, ಓಗ್ಬನ್ನಿ ಅನ್ನುತ್ತಾ ಗುಣಿ ಮುಚ್ಚಿದರು.