ಸರಪಳಿಯ ಮೇಲೆ ಹೊರಿಸಿದ ತಪ್ಪು

ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಯಜಮಾನರು ಬೆಳಗಾವಿಯಿಂದ ಮಧ್ಯಾಹ್ನದ ರೈಲಿಗೆ ಖಾನಾಪುರಕ್ಕೆ ಮರಳಿ ಬಂದರು. ಬಂದವರೇ ನೀರು ಕೇಳಿದರು. ಮಗಳ ಕೊರಳಿನ ಗಂಟು ಏನೆಂದು ಡಾಕ್ಟರು ಆ ದಿನ ಹೇಳುವವರಿದ್ದರು. ಅವರು ತಂಬಿಗೆ ಕೆಳಗಿಡಲೆಂದು ಕಾಯುತ್ತ ಅಕ್ಕಿ ಆರಿಸಿದೆ.

ಮಗಳಿಗೆ ಆಗ ಹನ್ನೆರಡು. ಶ್ರಾವಣದಲ್ಲಿ ತಲೆಗೆ ಎಣ್ಣೆ ಹಚ್ಚುವಾಗ ಕೊರಳಿನ ಬಲಗಡೆ ಕಡಲೆಕಾಳಿನಷ್ಟು ಗಂಟು ನನ್ನ ಬೆರಳಿಗೆ ಸಿಕ್ಕಿತ್ತು. ಒತ್ತಿದರೆ ನೋವಿಲ್ಲ ಎಂದಳು. ಕೊರಳಲ್ಲಿ ಕಟ್ಟುವ ಲಿಂಗದ ಕರಡಿಗೆ ಭಾರವಾಗಿ ಅದರ ಬೆಳ್ಳಿ ಸರಪಳಿ ಒತ್ತಿದೆ, ಅದಕ್ಕೇ ಹೀಗೆ ಎಂದು ಅತ್ತೆ ತೀರ್ಮಾನಿಸಿದರು. ಸರಪಳಿ ಪೆಟ್ಟಿಗೆ ಸೇರಿತು, ಕರಡಿಗೆಗೆ ನೂಲಿನ ಶಿವದಾರ ಬಂತು. ನೋವಿಲ್ಲವಲ್ಲ ಎಂದು ನಾನೂ ಸುಮ್ಮನಾದೆ.

ದೀಪಾವಳಿಯ ಹೊತ್ತಿಗೆ ಗಂಟುಗಳು ಮೂರಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆಗ ಬೆಳಗಾವಿ ಕ್ಯಾಂಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಅವರು ಶಿವದಾರವನ್ನು ಮೆಲ್ಲಗೆ ಬದಿಗೆ ಸರಿಸಿ ನೋಡಿದರು. “ಸರಪಳಿ ಒತ್ತಿದ್ರ ತೊಗಲು ಕೆಂಪಾಗಬೇಕಿತ್ತಲ್ಲ ತಾಯಿ? ಇಲ್ಲೆ ಗಾಯಾನೂ ಇಲ್ಲ, ಬಿಸೀನೂ ಇಲ್ಲ” ಎಂದರು. ಕೆಮ್ಮಿದೆಯೇ ಎಂದು ಎರಡು ಸಲ ಕೇಳಿದರು. ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಆಲಿಸಿದರು. ಮೆತ್ತಗಾಗಿದ್ದ ಗಂಟಿಗೆ ಸೂಜಿ ಚುಚ್ಚಿ ಕೀವು ತೆಗೆದಿಟ್ಟುಕೊಂಡು, ಅದನ್ನು ನೋಡಿದ ಮೇಲೆಯೇ ಹೇಳುತ್ತೇನೆ ಎಂದರು. ನನಗಿದ್ದದ್ದು ಎದೆಯ ಕ್ಷಯದ ಹೆದರಿಕೆ. ನಮ್ಮ ಓಣಿಯಲ್ಲಿ ರಕ್ತ ಕೆಮ್ಮಿ ಹೋದವರನ್ನು ಕಂಡಿದ್ದೆ.

“ಗಂಡಮಾಲಿ ಅಂತ, ಕೊರಳಗಂಟಿನ ಕ್ಷಯ” ಎಂದರು ಯಜಮಾನರು, ತಂಬಿಗೆ ಕೆಳಗಿಟ್ಟು. “ಕೀವಿನ್ಯಾಗ ಕ್ಷಯದ ಹುಳ ಕಂಡಾವಂತ.”

ನನ್ನ ಕೈ ಅಕ್ಕಿಯಲ್ಲೇ ನಿಂತಿತು. “ಎದಿ?”

“ಎದಿಗೆ ಇಳಿದಿಲ್ಲಂತ. ಹಾಲು, ತುಪ್ಪ, ಎಳಿಬಿಸಲು, ವಿಶ್ರಾಂತಿ. ವರ್ಷ ಹಿಡೀಬಹುದು, ಖರೇ ಉಳೀತಾಳ ಅಂತ ಧೈರ್ಯ ಹೇಳ್ಯಾರ.”

ಅತ್ತೆ ಬಾಗಿಲ ಬಾಜು ಕುಳಿತಿದ್ದರು. ಒಳಗಿನಿಂದ ಮಗಳೇ ಕೂಗಿದಳು: “ಅಜ್ಜಿ, ಸರಪಳಿದೇನೂ ತಪ್ಪಿಲ್ಲಂತ. ನಂದು ನನಗ ಕೊಡು ಇನ್ನ!”

“ಏ ಬಾಯಿಬಡಕಿ, ಮೊದಲ ನಿನ್ನ ಕೈಯಾಗ ಬಳಿ ನಿಲ್ಲಲಿ” ಎಂದರು ಅತ್ತೆ. ಬೈದವರೇ ಎದ್ದು, ಸೊಂಟದ ಬೀಗದಕೈ ತಡಕಾಡುತ್ತ ಪೆಟ್ಟಿಗೆಯ ಕಡೆ ನಡೆದರು.

ನಾವು ಮೂರು ತಿಂಗಳು ತಡ ಮಾಡಿದರೂ ಶಿವನು ಮಗಳ ಎದೆಯನ್ನು ಉಳಿಸಿದ್ದ. ಮನೆಯಲ್ಲಿ ಎಮ್ಮೆ ಹಾಲು ಕೊಡುತ್ತಿತ್ತು. ಅಷ್ಟಕ್ಕೆ ಕೂತಲ್ಲೇ ಕೈಮುಗಿದು, ಮೊರವನ್ನು ಬದಿಗಿಟ್ಟು, ಹಾಲು ಕಾಯಿಸಲು ಎದ್ದೆ.